ಹಾರಿದ ಹೆಂಚುಗಳ ಲೆಕ್ಕ

ನನ್ನ ಗೆಳೆಯನ ಅಪ್ಪಯ್ಯನ ಹೋಟೆಲನ್ನು ಎರಡು ಸಲ ಒಡೆಯಲಾಯಿತು. ಎರಡನೆಯ ಸಲ ಒಡೆದದ್ದು ಹೆದ್ದಾರಿ ಅಗಲ ಮಾಡಲು ಬಂದ ಯಂತ್ರ. ಮೊದಲನೆಯ ಸಲ ಒಡೆಸಿದವನು ನಾನು, ಅದೂ ಕಾಗದದ ಮೇಲೆ, ಒಬ್ಬ ರಾಕ್ಷಸನ ಕಿರುಬೆರಳಿನಿಂದ. ಯಂತ್ರ ಮಾಡಿದ್ದಕ್ಕೆ ನಾನು ಹೊಣೆಯಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ಆ ಎರಡು ಒಡೆತಗಳು ನನ್ನ ತಲೆಯೊಳಗೆ ಒಂದಕ್ಕೊಂದು ಅಂಟಿಕೊಂಡೇ ಇವೆ.

ಕುಂದಾಪುರದ ಕಡೆಯಿಂದ ಬಂದರೆ ಬೈಂದೂರು ಪೇಟೆ ಸಿಗುವುದಕ್ಕೆ ಸ್ವಲ್ಪ ಮೊದಲು ಎಡಗಡೆಗೆ ಆ ಹೋಟೆಲು ಇತ್ತು. ಹೆಂಚಿನ ಮಾಡು, ಎದುರಿಗೆ ಇಳಿಸಿ ಕಟ್ಟಿದ ತಗಡಿನ ಚಪ್ಪರ, ಒಳಗೆ ನಾಲ್ಕಾರು ಮೇಜು, ಗೋಡೆಯುದ್ದಕ್ಕೂ ಒಂದು ಮರದ ಬೆಂಚು. ಗಾಜಿನ ಕಪಾಟಿನಲ್ಲಿ ಬನ್ಸು, ಗೋಳಿಬಜೆ. ಬೋರ್ಡು ಇರಲಿಲ್ಲ, ಬೇಕೂ ಇರಲಿಲ್ಲ. ಹಿಂದೆಯೇ ಗೆಳೆಯನ ಮನೆ. ನಮ್ಮದು ಮೀನಿನ ವ್ಯಾಪಾರದ ಮನೆ, ಅವರಿಂದ ಕೂಗಳತೆಯ ದೂರ. ನಮ್ಮಲ್ಲೂ ಟಿವಿ ಇತ್ತು, ಆದರೆ ಸಂಜೆಯಾದರೆ ಅದು ಅಜ್ಜಿಯ ಧಾರಾವಾಹಿಯ ಸ್ವತ್ತು. ಹಾಗಾಗಿ ಹೈಸ್ಕೂಲು ಬಿಟ್ಟವನೇ ನಾನು ಅವನ ಮನೆಗೆ ಓಡುತ್ತಿದ್ದೆ. ಜಪಾನಿನ ಹೊಡೆದಾಟದ ಕಾರ್ಟೂನುಗಳು ಆಗಷ್ಟೇ ಹಿಂದಿ ಮಾತಿನಲ್ಲಿ ಕೇಬಲ್ಲಿಗೆ ಬಂದಿದ್ದವು.

ಆ ಕಾರ್ಟೂನುಗಳನ್ನು ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಅದರಲ್ಲಿ ಇಬ್ಬರು ಎದುರುಬದುರು ನಿಂತರೆಂದರೆ ಕೈ ಎತ್ತುವುದಕ್ಕೇ ಒಂದು ವಾರ ಬೇಕು. ಮೊದಲು ದಿಟ್ಟಿಸಿ ನೋಡುವುದು, ಆಮೇಲೆ ಗರ್ಜಿಸುವುದು, ಆಮೇಲೆ ಪಕ್ಕದಲ್ಲಿ ನಿಂತವರು ಬೆವರು ಸುರಿಸುತ್ತ ‘ಇವನ ಬಲ ಹಿಂದಿನವನ ಇಮ್ಮಡಿ’ ಎಂದು ವರದಿ ಒಪ್ಪಿಸುವುದು. ನಾಯಕ ಸೋಲುತ್ತಾನೆ, ಎಲ್ಲೋ ಹೋಗಿ ಅಭ್ಯಾಸ ಮಾಡುತ್ತಾನೆ, ಬಂದು ಗೆಲ್ಲುತ್ತಾನೆ. ಗೆದ್ದ ಮರುಕ್ಷಣ ಇನ್ನೂ ದೊಡ್ಡವನೊಬ್ಬ ಹಾಜರಾಗುತ್ತಾನೆ. ನಮ್ಮ ಗ್ರಹಚಾರಕ್ಕೆ ಚಾನೆಲಿನವರು ದೊಡ್ಡ ಯುದ್ಧ ಕೊನೆಗೆ ಬಂತೆನ್ನುವಾಗ ಸರಿಯಾಗಿ ನಿಲ್ಲಿಸಿ, ಮರುದಿನ ಮೊದಲ ಕಂತಿನಿಂದ ಶುರುಮಾಡುತ್ತಿದ್ದರು. ಯಾರು ಗೆದ್ದರೆಂದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಗೊತ್ತಾಗದ್ದರಿಂದಲೇ ವಾದ ಹುಟ್ಟಿತು. ಹೋಟೆಲಿನ ಬೆಂಚಿನಲ್ಲಿ ಕೂತು ಇವನಿಗೂ ಅವನಿಗೂ ಬಿದ್ದರೆ ಯಾರು ಗೆಲ್ಲುತ್ತಾರೆ ಎಂದು ನಾವು ಮಾಡುತ್ತಿದ್ದ ಜಗಳಕ್ಕೆ ಚಾ ಕುಡಿಯಲು ಬಂದ ಲಾರಿಯವರು ತಿರುಗಿ ನೋಡುತ್ತಿದ್ದರು. ನನ್ನ ಹತ್ತಿರ ಅಳತೆಗೋಲು ಇತ್ತು. ಯಾರು ಏನನ್ನು ಒಡೆಯಬಲ್ಲರು ಎಂಬುದೇ ಆ ಗೋಲು. ಗೋಡೆ ಒಡೆಯುವವನಿಗಿಂತ ಮನೆ ಒಡೆಯುವವನು ಮೇಲು. ಮನೆಗಿಂತ ಊರು, ಊರಿಗಿಂತ ಗುಡ್ಡ, ಗುಡ್ಡಕ್ಕಿಂತ ಭೂಮಿ. ಎಷ್ಟು ಸರಳ, ಎಷ್ಟು ಸ್ವಚ್ಛ! ಗಣಿತದಲ್ಲಿ ಹಿಂದೆ ಬಿದ್ದಿದ್ದ ನಾನು ಈ ಲೆಕ್ಕದಲ್ಲಿ ಮಾತ್ರ ಯಾರಿಗೂ ಸೋಲುತ್ತಿರಲಿಲ್ಲ.

ಗೆಳೆಯನಿಗೆ ಈ ಅಳತೆ ಹಿಡಿಸುತ್ತಿರಲಿಲ್ಲ. ಅವನ ತಲೆಯಲ್ಲಿ ಯುದ್ಧವೆಂದರೆ ಬೇರೆಯೇ. ಅದಕ್ಕೆ ಕಾರಣ ಹೋಟೆಲೇ. ಯಕ್ಷಗಾನ ಮೇಳಗಳ ತಿರುಗಾಟದ ಕಾಲದಲ್ಲಿ, ಶಿರೂರಿನ ಕಡೆ ಆಟ ಮುಗಿಸಿದ ಕಲಾವಿದರ ವ್ಯಾನು ಬೆಳಿಗ್ಗೆ ಅಲ್ಲಿ ನಿಲ್ಲುತ್ತಿತ್ತು. ಕಿವಿಯ ಹಿಂದೆ ಬಣ್ಣ ಇನ್ನೂ ಪೂರ್ತಿ ಹೋಗಿರದ ಜನ ಇಳಿದು ಬಂದು ಆ ಬೆಂಚಿನಲ್ಲಿ ಸಾಲಾಗಿ ಕೂರುತ್ತಿದ್ದರು. ಸ್ವಲ್ಪ ಹೊತ್ತಿನ ಮುಂಚೆ ರಂಗಸ್ಥಳದಲ್ಲಿ ಒಬ್ಬರನ್ನೊಬ್ಬರು ಕೊಂದವರು ಇಲ್ಲಿ ಒಂದೇ ತಟ್ಟೆಯ ಬನ್ಸು ಹರಿದುಕೊಂಡು ತಿನ್ನುತ್ತಿದ್ದರು. ಚಿಕ್ಕಂದಿನಿಂದ ಅದನ್ನು ನೋಡಿ ಬೆಳೆದವನು ಅವನು. ಒಮ್ಮೆ ರಾಕ್ಷಸನ ವೇಷ ಮಾಡುವವರ ಹತ್ತಿರ ‘ದಿನಾ ಸೋಲುಕೆ ಬೇಜಾರ್ ಆತ್ತಿಲ್ಯಾ?’ ಎಂದು ಕೇಳಿಯೇ ಬಿಟ್ಟನಂತೆ.

“ಅವ್ರ್ ಎಂತ ಹೇಳ್ರ್ ಗೊತ್ತಿತ್ತಾ?” ಎಂದು ನನ್ನ ಹತ್ತಿರ ಓಡಿಬಂದ. “ನಾ ಚಂದ ಮಾಡಿ ಸೋತ್ರೆ ಮಾತ್ರ ಅವ ಗೆದ್ದದ್ದ್ ಕಾಂತ್ ಅಂದ್ರ್.”

“ಅದೆಲ್ಲ ಆಟ ಮಾರಾಯ. ಅದ್ರಂಗೆ ಬಲದ್ ಲೆಕ್ಕ ಎಲ್ಲಿತ್ತ್?” ಎಂದೆ ನಾನು.

“ಹೊಡುಕ್ ಮುಂಚೆ ಅರ್ಧ ತಾಸ್ ಮಾತಾಡ್ತ್ರಲೆ ಅವ್ರ್. ಯಾರಂತ ಗೊತ್ತಾಗ್ದೆ ಹೊಡುದ್ ಎಂತಕೆ?”

ನಾನು ನಕ್ಕೆ. ಜಪಾನಿನವರೂ ಹೊಡೆಯುವ ಮುಂಚೆ ಗಂಟೆಗಟ್ಟಲೆ ಮಾತಾಡುತ್ತಾರೆ, ಅದೂ ಇದೂ ಒಂದೇ ಎಂದು ಅವನು ಹೇಳುತ್ತಿದ್ದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಈಗ ಅದೇ ಮಾತನ್ನು ತಿಳಿದವರು ಬರೆದರೆ ಹೌದಲ್ಲ ಎಂದು ತಲೆಯಾಡಿಸುತ್ತೇನೆ. ಆಗ ಬೆಂಚಿನ ಆ ತುದಿಯಲ್ಲಿ ಕೂತ ಹದಿನಾಲ್ಕರ ಪೋರ ಹೇಳಿದ್ದಕ್ಕೆ ಬೆಲೆ ಇರಲಿಲ್ಲ.

ಕಾಲೇಜಿಗೆ ಇಬ್ಬರೂ ಕುಂದಾಪುರಕ್ಕೆ ಸೇರಿದೆವು. ಅಲ್ಲಿ ನಮಗೆ ಮಾಂಗಾ ಸಿಕ್ಕಿತು. ಕಾರ್ಟೂನುಗಳಿಗೆಲ್ಲ ಮೂಲವಾದ ಆ ಜಪಾನಿ ಚಿತ್ರಪುಸ್ತಕದ ಕತೆಗಳನ್ನು ಸೈಬರ್ ಕೆಫೆಯಲ್ಲಿ ಇಳಿಸಿಕೊಂಡು, ಪೆನ್‌ಡ್ರೈವಿಗೆ ತುಂಬಿಕೊಂಡು ಓದತೊಡಗಿದೆವು. ಕಪ್ಪುಬಿಳುಪಿನ ಆ ಪುಟಗಳನ್ನು ನೋಡಿದ ದಿನವೇ ಗೆಳೆಯ “ಇದ್ ನಾ ಬಿಡ್ಸುವೆ” ಎಂದ. ಸುಮ್ಮನೆ ಹೇಳಿದ್ದಲ್ಲ. ಅವನ ಕೈಯಲ್ಲಿ ಅದು ಇತ್ತು. ಬಿಲ್ ಬರೆಯುವ ಪ್ಯಾಡಿನ ಹಿಂದೆ ಅವನು ಗೀಚಿದ ಲಾರಿ ಡ್ರೈವರುಗಳ ಮುಖ ನೋಡಿ ಆ ಡ್ರೈವರುಗಳೇ ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಕನ್ನಡದಲ್ಲಿ ನಮ್ಮದೇ ಒಂದು ಮಾಂಗಾ ಮಾಡುವುದೆಂದು ತೀರ್ಮಾನವಾಯಿತು. ಚಿತ್ರ ಅವನದು, ಕತೆ ನನ್ನದು. ಅವನಿಗೆ ಅದು ಬರೀ ಮೋಜಾಗಿರಲಿಲ್ಲ. ಕಾಲೇಜು ಮುಗಿದ ಕೂಡಲೇ ಮುಂಬೈಯಲ್ಲಿರುವ ಸೋದರಮಾವನ ಹೋಟೆಲಿಗೆ ಅವನನ್ನು ಕಳಿಸುವ ಮಾತು ಮನೆಯಲ್ಲಿ ನಡೆಯುತ್ತಿತ್ತು. ಈ ಚಿತ್ರಗಳಿಂದ ಏನಾದರೂ ಆದೀತು, ತಾನು ಚಿತ್ರ ಬಿಡಿಸುವವನಾಗಿಯೇ ಉಳಿದೇನು ಎಂಬ ಆಸೆ ಅವನಿಗೆ. ಅದು ನನಗೂ ಚೆನ್ನಾಗಿ ಗೊತ್ತಿತ್ತು.

ನಮ್ಮ ನಾಯಕ ದೋಣಿಯವನ ಮಗ. ಖಳನಾಯಕ ಒಂದು ಕಾಲದಲ್ಲಿ ಅವನ ಜತೆಗೇ ಬಲೆ ಎಳೆದವನು, ಸಮುದ್ರದಲ್ಲಿ ಮುಳುಗಿ ರಾಕ್ಷಸನಾಗಿ ಮೇಲೆ ಬಂದವನು. ಮೊದಮೊದಲ ಪುಟಗಳನ್ನು ಗೆಳೆಯ ಹೇಗೆ ಬಿಡಿಸಿದ್ದನೆಂದರೆ, ಮರವಂತೆಯ ರಸ್ತೆಯ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ಓಡುವ ಬಸ್ಸಿನ ಕಿಟಕಿಯಲ್ಲಿ ಹೊರಗೆ ಚಾಚಿದ ಒಂದು ಕೈ. ಒಣಗಲು ಹಾಕಿದ ಮೀನಿನ ಪಕ್ಕ ಕೋಲು ಹಿಡಿದು ಕೂತ ಹೆಂಗಸು. ನಾನು ಒಂದು ಸಾಲಿನಲ್ಲಿ ‘ನಾಯಕ ಮನೆಗೆ ಬಂದ’ ಎಂದು ಬರೆದುಕೊಟ್ಟರೆ ಅವನು ಅದಕ್ಕೆ ಐದು ಪುಟ ತೆಗೆದುಕೊಳ್ಳುತ್ತಿದ್ದ. ನನಗೆ ತಾಳ್ಮೆ ತಪ್ಪುತ್ತಿತ್ತು.

ಖಳನಾಯಕ ಮೊದಲ ಸಲ ಊರಿಗೆ ಕಾಲಿಡುವ ಹೊತ್ತು ಬಂತು. ಅವನ ಬಲ ಎಷ್ಟೆಂದು ಓದುವವನಿಗೆ ತಟ್ಟನೆ ಗೊತ್ತಾಗಬೇಕು. ನನ್ನ ಅಳತೆಗೋಲಿನ ಪ್ರಕಾರ ಅವನೀಗ ಒಂದು ಕಟ್ಟಡ ಒಡೆಯಬೇಕಿತ್ತು. ‘ಹೆದ್ದಾರಿ ಬದಿಯ ಹೋಟೆಲು, ಕಿರುಬೆರಳು’ ಎಂದು ಬರೆದುಕೊಟ್ಟೆ.

“ನಮ್ ಹೋಟ್ಲಾ?” ಎಂದು ಕೇಳಿದ ಅವನು.

“ಮತ್ಯಾವ್ದ್ ಒಡುದ್? ನೀ ಬಿಡ್ಸದ್ದ್ ಅದೊಂದೇ ಅಲ್ದಾ ಸರೀ ಮಾಡಿ.”

“ಅಪ್ಪಯ್ಯ ಒಳ್ಗೆ ಇರ್ತ್ರಲೆ.”

“ಹೊರ್ಗ್ ಕಳ್ಸ್ ಮಾರಾಯ. ಹಾಲ್ ತರುಕೆ ಹೋಯ್ರ್ ಅಂದೇಳಿ ಮಾಡ್.”

ಅವನು ಒಪ್ಪಿದ, ಆದರೆ ಅದರ ಮುಂಚೆ ಒಂದು ಪುಟ ಬೇಕೆಂದ. ನಾನು ಬೇಡವೆಂದರೂ ಬಿಡಿಸಿದ. ಆ ಪುಟದಲ್ಲಿ ರಾಕ್ಷಸ ಇನ್ನೂ ರಾಕ್ಷಸನಾಗಿ ಕಾಣುವುದಿಲ್ಲ. ಒದ್ದೆ ಹೆಜ್ಜೆ ಇಡುತ್ತ ಹೋಟೆಲಿಗೆ ಬಂದು ಬೆಂಚಿನಲ್ಲಿ ನಾಯಕನ ಪಕ್ಕ ಕೂರುತ್ತಾನೆ. ಅಪ್ಪಯ್ಯ ಎತ್ತರದಿಂದ ಚಾ ಹೊಯ್ಯುತ್ತಿದ್ದಾರೆ, ಹೆಗಲ ಮೇಲೆ ಚೌಕುಳಿಯ ಟವೆಲು. ಗಾಜಿನ ಕಪಾಟು, ಗಡಿಯಾರ, ಕ್ಯಾಲೆಂಡರು, ನೊಣ ಸಹ ಇತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಚಾ ಕುಡಿಯುತ್ತಾರೆ. ಮಾತಿಲ್ಲ. ಆ ಮೇಳದವರ ಬೆಂಚು ಅದು ಎಂದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾಗಿಯೂ “ಇದ್ರಂಗೆ ಎಂತ ಆತ್ತಿತ್ತ್?” ಎಂದು ಕೇಳಿದೆ.

ಮುಂದಿನ ಪುಟದಲ್ಲಿ ಹೋಟೆಲು ಒಡೆಯಿತು. ಹೇಗೆ ಬಿಡಿಸಿದ್ದ ಅಂತೀರಿ! ಹೆಂಚು ಒಂದೊಂದೂ ಬೇರೆ ಬೇರೆ ಓರೆಯಲ್ಲಿ ಹಾರುತ್ತಿದ್ದವು. ಗಾಜಿನ ಕಪಾಟು ಚೂರಾದರೂ ಬನ್ಸು ಇನ್ನೂ ಬಿದ್ದಿರಲಿಲ್ಲ, ಗಾಳಿಯಲ್ಲಿ ನಿಂತಿದ್ದವು. ಬೆಂಚು ನಡುವೆ ಮುರಿದು ಎರಡು ತುದಿ ಆಕಾಶಕ್ಕೆ ಎದ್ದಿದ್ದವು. ಹೆಂಚು ಹೊರುವ ಪಕ್ಕಾಸಿನ ಮರದಲ್ಲಿ ಹೊಡೆದ ಮೊಳೆ ಸಹ ಕಾಣುತ್ತಿತ್ತು. ತಾನು ಹುಟ್ಟಿದಾಗಿನಿಂದ ನೋಡಿದ ಮಾಡನ್ನು ಒಂದೊಂದೇ ಹೆಂಚು ಕಿತ್ತು ಗಾಳಿಗೆ ತೂರಲು ಅವನಿಗೆ ವಾರಗಟ್ಟಲೆ ಹಿಡಿಯಿತು.

ಅಂತರ್ಜಾಲದಲ್ಲಿ ಇಂಥ ಬಲಾಬಲದ ವಾದಕ್ಕೆಂದೇ ಇರುವ ತಾಣಗಳಿದ್ದವು. ನಾನು ಒಂದರಲ್ಲಿ ಬಿಡಾರ ಹೂಡಿದ್ದೆ. ಸೈಬರಿನಲ್ಲಿ ಸ್ಕ್ಯಾನ್ ಮಾಡಿಸುವಾಗ ನಾನು ಹೊಡೆದಾಟದ ಪುಟಗಳನ್ನಷ್ಟೇ ಆರಿಸಿಕೊಂಡು ಹೋಗುತ್ತಿದ್ದೆ. ಉಳಿದವನ್ನು ನೋಡುವವರು ಯಾರು? ಹೋಟೆಲು ಒಡೆದ ಪುಟವನ್ನು, ಮಾತುಗಳನ್ನು ಇಂಗ್ಲಿಷಿಗೆ ತಿರುಗಿಸಿ ಅಲ್ಲಿ ಹಾಕಿದೆ. ಎರಡು ದಿನದಲ್ಲಿ ಎಲ್ಲಿಯವನೋ ಮಹಾನುಭಾವನೊಬ್ಬ ಹೆಂಚಿನ ಅಳತೆ, ತೂಕ, ಅದು ಹಾರಿದ ದೂರ ಎಲ್ಲ ಲೆಕ್ಕ ಹಾಕಿ, ನಮ್ಮ ರಾಕ್ಷಸನ ಕಿರುಬೆರಳಿನಲ್ಲಿ ಇಷ್ಟು ಶಕ್ತಿ ಇದೆ ಎಂದು ಬರೆದ. ಇನ್ನೊಬ್ಬ ಅದನ್ನು ತಪ್ಪೆಂದ. ಮಂಗಳೂರು ಹೆಂಚು ಎಷ್ಟು ಭಾರವಿರುತ್ತದೆಂದು ಮೂರನೆಯವನು ಹುಡುಕಿ ತಂದ. ನಾನು ಉಬ್ಬಿಹೋದೆ. ಆ ಮಾಡಿನ ಕೆಳಗೆ ಯಾರು ಕೂತಿದ್ದರು ಎಂದು ಅಲ್ಲಿ ಒಬ್ಬನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿರಲಿಲ್ಲ. ಹೋಟೆಲು ಒಡೆದವನನ್ನು ಗೆಲ್ಲಬೇಕಾದರೆ ನಾಯಕನಿಗೆ ಅದಕ್ಕಿಂತ ದೊಡ್ಡದನ್ನು ಒಡೆಯುವ ಬಲ ಬೇಕು. ಅವನನ್ನು ಮೀರಿಸಲು ಬರುವವನಿಗೆ ಇನ್ನೂ ದೊಡ್ಡದು. ಕುಂದಾಪುರದ ಹೊಳೆಯ ಸೇತುವೆ ಹೋಯಿತು. ಪೇಟೆ ಹೋಯಿತು. ಕೊಡಚಾದ್ರಿಯ ನೆತ್ತಿ ಹಾರಿತು. ಮರವಂತೆಯಲ್ಲಿ ಕಡಲು ಬತ್ತಿ ತಳ ಕಂಡಿತು. ಗೆಳೆಯ ಒಂದೊಂದನ್ನೂ ಮೊದಲು ಇದ್ದ ಹಾಗೆ ಬಿಡಿಸಿ, ಆಮೇಲೆ ನನ್ನ ಮಾತಿಗೆ ಒಡೆಯುತ್ತಿದ್ದ. ನಾನು ಒಡೆದ ಪುಟಗಳನ್ನು ಮಾತ್ರ ಸ್ಕ್ಯಾನಿಗೆ ಒಯ್ಯುತ್ತಿದ್ದೆ. ಕಡೆಗೆ ಭೂಮಿಯೂ ಸಾಲದೆ ಇಬ್ಬರನ್ನೂ ಆಕಾಶಕ್ಕೆ ಹತ್ತಿಸಿದೆ.

ಒಂದು ದಿನ ಅವನು ನನ್ನೆದುರು ಒಂದು ಹಾಳೆ ಇಟ್ಟ. ಬಿಳಿ ಹಾಳೆ, ನಡುವೆ ಎರಡು ಚುಕ್ಕಿ.

“ಇದೆಂತ?”

“ನೀ ಬರ್ದದ್ದೇ. ಸುತ್ತ ಎಂತದೂ ಇಲ್ಲೆ, ಇಬ್ರೇ ಇದ್ರ್. ನಂಗ್ ಬಿಡ್ಸುಕೆ ನೀ ಎಂತದೂ ಉಳ್ಸ್‌ಲಿಲ್ಲೆ ಮಾರಾಯ.”

ಸಿಟ್ಟಿನಲ್ಲಿ ಹೇಳಲಿಲ್ಲ ಅವನು. ಹೋಟೆಲಿನಲ್ಲಿ ಬನ್ಸು ಖಾಲಿಯಾಯಿತು ಎಂದು ಹೇಳುವ ಸ್ವರದಲ್ಲಿ ಹೇಳಿದ. ನಾನು ಹೊಸ ಲೋಕವೊಂದನ್ನು ಸೃಷ್ಟಿಸುವ, ಅಲ್ಲಿ ಹೊಸ ಊರು ಮಾಡುವ ಉಪಾಯ ಹೇಳಿದೆ. ಅವನು ಕೇಳಿಸಿಕೊಂಡ. ಆದರೆ ಇಲ್ಲದ ಊರನ್ನು ಬಿಡಿಸುವುದರಲ್ಲಿ ಅವನಿಗೆ ಯಾವ ಸುಖವೂ ಇರಲಿಲ್ಲ. ಅವನು ಬಿಡಿಸಬೇಕೆಂದಿದ್ದ ಊರು ಒಂದೇ, ಅದನ್ನು ಆಗಲೇ ಪೂರ್ತಿ ಬಳಸಿ ಮುಗಿಸಿದ್ದೆ. ಕತೆ ಅಲ್ಲಿಗೆ ನಿಂತಿತು. ನಮ್ಮ ಯುದ್ಧವನ್ನೂ ಯಾರು ಗೆದ್ದರೆಂದು ಯಾರಿಗೂ ಗೊತ್ತಿಲ್ಲ.

ಕಾಲೇಜು ಮುಗಿದ ವರ್ಷ ಅವನು ಮುಂಬೈಗೆ ಹೋದ, ಸೋದರಮಾವನ ಹೋಟೆಲಿನ ಗಲ್ಲಾದಲ್ಲಿ ಕೂತ. ನಾನು ಬಿ.ಎಡ್. ಮುಗಿಸಿ ಬ್ರಹ್ಮಾವರದ ಒಂದು ಶಾಲೆಯಲ್ಲಿ ಮೇಷ್ಟ್ರಾದೆ. ಜಗಳ ಆಗಿರಲಿಲ್ಲ. ಹಬ್ಬಕ್ಕೆ ಫೋನು, ಊರಿಗೆ ಬಂದರೆ ಒಂದು ಚಾ. ಚಿತ್ರದ ಸುದ್ದಿ ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಪುಟಗಳ ಕಟ್ಟು ಹೋಟೆಲಿನ ಅಟ್ಟದಲ್ಲಿತ್ತು. ಅಲ್ಲೇ ಇರುತ್ತದೆಂದು ನಾನು ಆರಾಮಾಗಿದ್ದೆ. ಹೋಟೆಲಿನಂಥ ಹೋಟೆಲು ಎಲ್ಲಿಗೆ ಹೋಗುತ್ತದೆ?

ಹೆದ್ದಾರಿಯನ್ನು ನಾಲ್ಕು ಸಾಲಿಗೆ ಅಗಲ ಮಾಡುವ ಕೆಲಸ ಬಂತು. ಶನಿವಾರ ಶನಿವಾರ ಬಸ್ಸಿನಲ್ಲಿ ಊರಿಗೆ ಬರುವಾಗ ಕಿಟಕಿಯಾಚೆ ಒಂದೊಂದೇ ಕಾಣೆಯಾಗತೊಡಗಿತು. ಮೊದಲು ಮರಗಳು, ಆಮೇಲೆ ಕಟ್ಟೆಗಳು, ಆಮೇಲೆ ಅಂಗಡಿಗಳ ಮುಖ. ಮಣ್ಣಿನ ರಾಶಿಗಳ ನಡುವೆ ಬಸ್ಸು ಕುಲುಕುತ್ತ ಹೋಗುವಾಗ ಈ ಜಾಗ ಯಾವುದೆಂದು ನನಗೇ ತಿಳಿಯದ ದಿನಗಳಿದ್ದವು. ನನ್ನ ಕತೆಯ ಪುಟಗಳಲ್ಲಿ ಹೋದ ಹಾಗೆಯೇ ಊರು ಹೋಗುತ್ತಿದೆಯಲ್ಲ ಎಂದು ಒಮ್ಮೆ ಅನಿಸಿತು. ಹೋಟೆಲಿನ ಸರದಿ ಮಳೆಗಾಲದ ಮೊದಲಿಗೇ ಬಂದಿತ್ತು. ಅಪ್ಪಯ್ಯ ಮೇಜು, ಪಾತ್ರೆ, ಬೆಂಚು ಹೊರಗೆ ತೆಗೆಸಿದ್ದರು. ಅಟ್ಟದ ಸಾಮಾನುಗಳನ್ನು ಅಂಗಳದಲ್ಲಿ ಪೇರಿಸಿ ಮೇಲೆ ಪ್ಲಾಸ್ಟಿಕ್ ಹೊದೆಸಿದ್ದರು. ಮೊದಲ ಮಳೆಯ ಗಾಳಿಗೆ ಪ್ಲಾಸ್ಟಿಕ್ ಹಾರಿಹೋಯಿತು. ಚಿತ್ರದ ಪುಟಗಳ ಕಟ್ಟು ನೆನೆದು ಹಿಟ್ಟಾಯಿತು.

ಅದನ್ನು ನನಗೆ ಹೇಳಿದ್ದು ಗೆಳೆಯನೇ, ಮುಂಬೈಯಿಂದ ಫೋನಿನಲ್ಲಿ. ನನ್ನ ಬಾಯಿಯಿಂದ ಬಂದ ಮೊದಲ ಮಾತು “ಮತ್ತೆ ಬಿಡ್ಸ್ ಮಾರಾಯ, ಹೋಟ್ಲ್ ಒಂದಾರೂ ಬಿಡ್ಸ್” ಎಂದು.

“ಬಿಡ್ಸಿ ಕಂಡೆ ನಾ. ಕೈ ಬತ್ತಿಲ್ಲೆ,” ಎಂದ. ಆಮೇಲೆ ನಗುತ್ತ, “ಸುಮ್ನೆ ಕೂಕಂಡವ್ರನ್ನ ಬಿಡ್ಸುಕೆ ಮರ್ತೇ ಹೋಯ್ತ್. ನೀ ನಂಗೆ ಒಡುದ್ ಒಂದೇ ಅಭ್ಯಾಸ ಮಾಡ್ಸದ್ದಲೆ” ಎಂದ. ನಗುತ್ತಲೇ ಹೇಳಿದ್ದು. ನನಗೆ ನಗಲಾಗಲಿಲ್ಲ. ಆ ಕಾಲೇಜು ದಿನಗಳ ನನ್ನನ್ನು ಹಿಡಿದು ಆ ಬೆಂಚಿನಲ್ಲಿ ಕೂರಿಸಿ, ಬಾಯಿ ಮುಚ್ಚಿಕೊಂಡು ಚಾ ಕುಡಿ ಎಂದು ಹೇಳಬೇಕು ಅನಿಸಿತು.

ಮರುವರ್ಷ ಅವನು ತಂಗಿಯ ಮದುವೆಗೆ ಊರಿಗೆ ಬಂದಿದ್ದ. ಅಪ್ಪಯ್ಯ ಹಿಂದೆ ಸರಿದು, ಹೊಸ ಸರ್ವಿಸ್ ರಸ್ತೆಯ ಬದಿಯ ಸಿಮೆಂಟು ಕಟ್ಟಡವೊಂದರಲ್ಲಿ ಶಟರು ಇರುವ ಸಣ್ಣ ಕೋಣೆ ಹಿಡಿದು ಚಾ ಮಾಡುತ್ತಿದ್ದರು. ಮದುವೆಯ ಗಡಿಬಿಡಿ ಮುಗಿದ ಮೇಲೆ ನನ್ನನ್ನು ಕರೆದರು.

“ಮಗಾ, ನಿನ್ ಕಂಪ್ಯೂಟ್ರಂಗೆ ನಮ್ ಹೋಟ್ಲ್ ಚಿತ್ರ ಇತ್ತಂಬ್ರಲೆ? ಇವ ಹೇಳ್ದ.”

ಅಷ್ಟು ವರ್ಷ ನಡೆಸಿದ ಹೋಟೆಲಿನ ಒಂದು ಫೋಟೋ ಸಹ ಅವರ ಹತ್ತಿರ ಇರಲಿಲ್ಲ. ಮದುವೆಯ ಫೋಟೋ ತೆಗೆಸುತ್ತಾರೆ, ನಾಮಕರಣದ ಫೋಟೋ ತೆಗೆಸುತ್ತಾರೆ, ತಾನು ದಿನಾ ನಿಂತು ಚಾ ಹೊಯ್ಯುವ ಜಾಗದ ಫೋಟೋ ಯಾರು ತೆಗೆಸುತ್ತಾರೆ? ಇದೆ ಅಪ್ಪಯ್ಯ, ತಂದುಕೊಡುತ್ತೇನೆ ಎಂದೆ. ಬ್ರಹ್ಮಾವರದಲ್ಲಿ ಒಳ್ಳೆಯ ದಪ್ಪ ಹಾಳೆಯಲ್ಲಿ ಪ್ರಿಂಟು ತೆಗೆಸಿದೆ. ಅಂಗಡಿಯ ಹುಡುಗಿ ಅದನ್ನು ಕೈಗೆ ಕೊಡುವವರೆಗೂ, ನನ್ನ ಹತ್ತಿರ ಇರುವುದು ಯಾವ ಪುಟ ಎಂದು ನಾನು ನಿಜವಾಗಿ ಯೋಚಿಸಿರಲಿಲ್ಲ. ಯೋಚಿಸಿದ ಮೇಲೂ ಮಾಡುವುದೇನು, ಹೋಟೆಲಿನದೆಂದು ಇದ್ದದ್ದು ಆ ಒಡೆದ ಪುಟ ಒಂದೇ.

ಅಪ್ಪಯ್ಯ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. ಗೆಳೆಯ ಒಲೆಯ ಹತ್ತಿರ ನಿಂತಿದ್ದ. ಅಪ್ಪಯ್ಯ ಗಾಬರಿಯಾಗಲಿಲ್ಲ, ಒಡೆದಿದೆಯಲ್ಲ ಎಂದೂ ಅನ್ನಲಿಲ್ಲ. ಬೆರಳಿಟ್ಟು ಒಂದೊಂದನ್ನೇ ಹುಡುಕಿದರು. ಇದು ಗಾಜಿನ ಕಪಾಟಿನ ಚೌಕಟ್ಟು. ಇದು ನಾನೇ ಹೊಡೆದ ಪಕ್ಕಾಸು. ಈ ಹೆಂಚು ಅಡುಗೆ ಕೋಣೆಯ ಮೇಲಿನದ್ದು, ಹೊಗೆ ಹಿಡಿದು ಕಪ್ಪಾಗಿದೆ ಕಾಣು. ಮಗ ಅಷ್ಟನ್ನೆಲ್ಲ ಕಂಡಿದ್ದನಲ್ಲ ಎಂದು ಅವರಿಗೆ ಖುಷಿಯಾದಂತಿತ್ತು. ಹಾಳೆಯ ಮೂಲೆ ಮೂಲೆ ನೋಡಿ ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ಹುಡುಕಿದರು.

“ನಾ ಎಲ್ಲಿದ್ದೆ ಇದ್ರಂಗೆ?”

ಅವರನ್ನು ಹಾಲು ತರಲು ಹೊರಗೆ ಕಳಿಸಿದ್ದು ನಾನು.

“ಇದ್ರ ಹಿಂದಿನ್ ಪುಟ ಇರ್ಕಲ್ದಾ ಮಗಾ? ಅದ್ ಕೊಡ್ ಕಾಂಬ,” ಎಂದು ನನ್ನ ಕಡೆ ಕೈ ಚಾಚಿದರು.

ನಾನು ಗೆಳೆಯನ ಮುಖ ನೋಡಿದೆ. ಅವನು ನನ್ನನ್ನು ನೋಡದೆ, ಸೋಸಿದ ಚಾವನ್ನು ಲೋಟಗಳಿಗೆ ಹಂಚುತ್ತ ಹೇಳಿದ, “ಅದ್ರಂಗೆ ಹೊಡ್ದಾಟ ಇರ್ಲಿಲ್ಲೆ ಅಪ್ಪಯ್ಯ. ಇಬ್ರ್ ಕೂಕಂಡ್ ಚಾ ಕುಡೀತಿದ್ರ್. ನೀವ್ ಹೊಯ್ತಿದ್ರಿ. ಅಷ್ಟೇ.”

“ನಂಗ್ ಬೇಕಾದ್ದ್ ಅದೇ ಅಲ್ದಾ,” ಎಂದರು ಅಪ್ಪಯ್ಯ.

ನಾನು ತಂದುಕೊಟ್ಟ ಆ ಒಡೆದ ಹೋಟೆಲಿನ ಹಾಳೆಯನ್ನೇ ಅವರು ಚೌಕಟ್ಟು ಹಾಕಿಸಿ ಹೊಸ ಅಂಗಡಿಯ ಗೋಡೆಗೆ ತೂಗು ಹಾಕಿದ್ದಾರೆ. ಗಿರಾಕಿಗಳು ಇದೇನು ಎಂದು ಕೇಳಿದರೆ “ನಮ್ ಹಳೀ ಹೋಟ್ಲ್” ಎನ್ನುತ್ತಾರೆ, ಬೇರೇನೂ ಹೇಳುವುದಿಲ್ಲ. ಕೆಳಗೆ ಆ ಹಳೆಯ ಬೆಂಚೇ ಇದೆ. ನಾನು ಊರಿಗೆ ಹೋದಾಗಲೆಲ್ಲ ಅಲ್ಲಿ ಚಾ ಕುಡಿಯುತ್ತೇನೆ, ಆ ಚಿತ್ರಕ್ಕೆ ಬೆನ್ನು ಹಾಕಿ ಕೂತು.